ಲೋಕದ ‘ಬಹುದು’, ತರ್ಕದ ‘ಬಹುದು’

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ತೋಟಗಾರನು ಮಳೆಗಾಲದಲ್ಲಿ ‘ಅಡಕೆಗೆ ಕೊಳೆರೋಗ ಬರಬಹುದು’ ಎಂದರೆ, ‘ಬಾರದೆಯೂ ಇರಬಹುದು’ ಎಂಬ ಅರ್ಥವನ್ನು ಕೇಳಿದವರು ಸಹಜವಾಗಿ ಗ್ರಹಿಸುತ್ತಾರೆ. ಆಕಾರಿಕ ತರ್ಕವು ಇದನ್ನು ಒಪ್ಪದು. ಅದರ ಸಾಮಾನ್ಯ ಪದ್ಧತಿಯಲ್ಲಿ ಅನಿವಾರ್ಯವಾದುದೆಲ್ಲವೂ ಸಂಭವನೀಯವೇ. ಆದುದರಿಂದ ‘ಬರಬಹುದು’ ಎಂಬುದರಿಂದ ‘ಬಾರದಿರಬಹುದು’ ಎಂಬುದು ಸಿದ್ಧಿಸುವುದಿಲ್ಲ. ಸಂಭವದ ಈ ಎರಡು ಅರ್ಥಗಳನ್ನು ಅರಿಸ್ಟಾಟಲನೇ ಗುರುತಿಸಿದ್ದನು.

‘ಅಥವಾ’ ಎಂಬ ಪದದ ಸ್ಥಿತಿಯೂ ಹೀಗೆಯೇ. ಇಕ್ಕೇರಿಯು ಸಾಗರ ತಾಲ್ಲೂಕಿನಲ್ಲಿದೆ. ಇಷ್ಟರಿಂದಲೇ ‘ಇಕ್ಕೇರಿಯು ಸಾಗರದಲ್ಲಿದೆ ಅಥವಾ ತೀರ್ಥಹಳ್ಳಿಯಲ್ಲಿದೆ’ ಎಂದು ಸಾಧಿಸಲು ತರ್ಕಶಾಸ್ತ್ರವು ಅವಕಾಶವೀಯುತ್ತದೆ. ಒಂದು ಪಕ್ಷವು ಸತ್ಯವಾದರೆ ಸಾಕು. ಲೋಕವ್ಯವಹಾರದಲ್ಲಾದರೋ, ಹೀಗೆ ನುಡಿದವನು ಎರಡನ್ನೂ ಸಾಧ್ಯವೆಂದು ಬಗೆದಿರುವನೆಂದೇ ನಾವು ತಿಳಿಯುತ್ತೇವೆ. ನಿಶ್ಚಯವಾಗಿ ಬಲ್ಲವನು ನಿಶ್ಚಯವಾಗಿಯೇ ಹೇಳಬೇಕೆಂಬ ಸಂಭಾಷಣೆಯ ಮರ್ಯಾದೆಯೇ ಇದಕ್ಕೆ ಕಾರಣವೆಂಬುದು ಪಾಲ್ ಗ್ರೈಸ್ ಅವರ ವಿಚಾರಸರಣಿ. ಮನುಷ್ಯರು ಸೂತ್ರಗಳಿಂದಲ್ಲ, ಸಾಧ್ಯವಾದ ಸನ್ನಿವೇಶಗಳನ್ನು ಮನಸ್ಸಿನಲ್ಲಿ ಚಿತ್ರಿಸಿಕೊಂಡು ತರ್ಕಿಸುತ್ತಾರೆಂಬುದು ಮನಶ್ಶಾಸ್ತ್ರಜ್ಞ ಫಿಲಿಪ್ ಜಾನ್ಸನ್-ಲೇರ್ಡ್ ಅವರ ಪ್ರತಿಪಾದನೆ.

ಇತಿಹಾಸದ ವಿದ್ಯಾರ್ಥಿಗೆ ಈ ಭೇದವು ಅತ್ಯಂತ ಮುಖ್ಯವಾದುದು. ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರನ್ನು, ಎಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರವನ್ನು, ಹೈದರಾಲಿಯು 1763ರಲ್ಲಿ ವಶಪಡಿಸಿಕೊಂಡನು. ‘ಅಂದು ಬಿದನೂರು ಬೀಳದಿದ್ದರೆ ರಾಜ್ಯವು ಉಳಿಯುತ್ತಿತ್ತು’ ಎಂದು ಒಬ್ಬನೂ, ‘ಉಳಿಯುತ್ತಿರಲಿಲ್ಲ’ ಎಂದು ಇನ್ನೊಬ್ಬನೂ ವಾದಿಸಬಹುದು. ಪೂರ್ವಪದವು ಅಸತ್ಯವಾದಾಗ ‘ಆದರೆ’ ವಾಕ್ಯವು ಸತ್ಯವೆಂಬ ಪ್ರಾಥಮಿಕ ತರ್ಕದ ನಿಯಮವನ್ನು ಇಲ್ಲಿ ಅನ್ವಯಿಸಿದರೆ ಎರಡು ಮಾತುಗಳೂ ಸತ್ಯವೆಂದಾಗುವುದು! ಯಾವ ವಿವೇಕಿಯೂ ಹಾಗೆ ಒಪ್ಪುವುದಿಲ್ಲ. ರಾಬರ್ಟ್ ಸ್ಟಾಲ್ನೇಕರ್ (1968) ಮತ್ತು ಡೇವಿಡ್ ಲೂಯಿಸ್ (1973) ಇದಕ್ಕೆ ಬೇರೊಂದು ಮಾರ್ಗವನ್ನು ತೋರಿದರು: ನಡೆದುದಕ್ಕೆ ಅತಿ ಸಮೀಪವಾದ ಸಾಧ್ಯ ಜಗತ್ತಿನಲ್ಲಿ ಏನಾಗುತ್ತಿತ್ತೆಂದು ವಿಚಾರಿಸಬೇಕು. ಆ ಸಾಮೀಪ್ಯವನ್ನು ಅಳೆಯಲು ಬೊಕ್ಕಸ, ಸೈನ್ಯ, ಕೋಟೆ, ಒಳಜಗಳ ಇವುಗಳ ಆಧಾರವೇ ಬೇಕು. ಇಲ್ಲಿ ತರ್ಕವು ಇತಿಹಾಸದ ನೆರವನ್ನು ಬೇಡುತ್ತದೆ.

ಇದೇ ತಾಲ್ಲೂಕಿನ ಹೊಂಬುಜವು ಪ್ರಾಚೀನ ಜೈನಕ್ಷೇತ್ರ. ಜೈನರ ಸ್ಯಾದ್ವಾದದಲ್ಲಿ ‘ಸ್ಯಾತ್’ ಎಂಬುದು ಬರಿಯ ಸಂದೇಹವಲ್ಲ. ‘ಒಂದು ದೃಷ್ಟಿಯಿಂದ’ ಎಂಬ ನಿಯಮಿತ ವಚನ. ಯಾವ ದೃಷ್ಟಿಯಿಂದ ನುಡಿಯುತ್ತೇವೆಂಬುದನ್ನು ಮರೆಯಬಾರದೆಂಬ ಈ ಶಿಸ್ತು ನಮಗೂ ಅನುಕರಣೀಯ.

ಒಂದು ಪ್ರಬಂಧದ ‘ಇರಬಹುದು’ ಮುಂದಿನ ಪ್ರಬಂಧದಲ್ಲಿ ‘ಇತ್ತು’ ಎಂದಾಗಿ, ಪಠ್ಯವನ್ನು ಸೇರಿ ನಿಶ್ಚಿತ ಇತಿಹಾಸವೆನಿಸುವ ಅಪಾಯ ಎಂದಿಗೂ ಇದೆ. ಲೋಕದ ತರ್ಕವು ತಪ್ಪಲ್ಲ, ಶಾಸ್ತ್ರದ ತರ್ಕವು ನಿರರ್ಥಕವೂ ಅಲ್ಲ; ‘ಬಹುದು’ ಎಂದು ಬರೆಯುವ ಮುನ್ನ ಯಾವ ಅರ್ಥದಲ್ಲಿ, ಯಾವ ಆಧಾರದಿಂದ ಎಂದು ನಮ್ಮನ್ನು ನಾವೇ ಕೇಳಿಕೊಳ್ಳುವುದು ಕರ್ತವ್ಯ.