ರಾಗಿ ತಿನಿಸುಗಳು: ಮನೆಯಿಂದ ಮನೆಗೆ ಹೋಗುವಾಗ ಕೆಡದಿರಲು

ಊರಿನಲ್ಲಿ ಒಬ್ಬರ ಮನೆಯಲ್ಲಿ ರಾಗಿ ಬಿಸ್ಕತ್ತು ಚೆನ್ನಾಗಿ ಬಂದರೆ, ಮಾಡುವ ಕ್ರಮವನ್ನು ನಾಲ್ಕು ಮನೆಯವರು ಕೇಳಿ ತಿಳಿದುಕೊಳ್ಳುವುದು ವಾಡಿಕೆ. ಆದರೆ ಅದೇ ಬಿಸ್ಕತ್ತು ಒಂದು ಮನೆಯಲ್ಲಿ ಪುಡಿಪುಡಿಯಾದರೆ ಮತ್ತೊಂದು ಮನೆಯಲ್ಲಿ ಕಲ್ಲಿನಂತೆ ಗಟ್ಟಿಯಾಗುತ್ತದೆ. 'ಅವರ ಕೈಗುಣ ನಮಗಿಲ್ಲ' ಎಂದು ಗೃಹಿಣಿಯರು ಅದನ್ನು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಹೊಲದಲ್ಲಿ ಬೆಳೆದ ರಾಗಿ ಮೂಟೆಯಲ್ಲಿಯೇ ಉಳಿದು, ಮಕ್ಕಳ ಕೈಗೆ ಅಂಗಡಿಯ ಮೈದಾ ಬಿಸ್ಕತ್ತು ಬರುತ್ತದೆ. ಇಂತಹ ಸೋಲಿಗೆ ಹೆಚ್ಚಾಗಿ ಕಾರಣ ಕೈಗುಣವಲ್ಲ. ಅಳತೆ ತಪ್ಪುವುದು ಮತ್ತು ಪದಾರ್ಥದ ಗುಣ ತಿಳಿಯದೆ ಬದಲಾವಣೆ ಮಾಡುವುದು ಮುಖ್ಯ ಕಾರಣಗಳು.

100 ಗ್ರಾಂ ರಾಗಿಯಲ್ಲಿ ಸುಮಾರು 340ರಿಂದ 360 ಮಿ.ಗ್ರಾಂ ಸುಣ್ಣದ ಅಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಇದು ಸುಮಾರು 10 ಮಿ.ಗ್ರಾಂ ಮಾತ್ರ. ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಮುದ್ದೆ, ರೊಟ್ಟಿಗಳ ಜೊತೆಗೆ ಹೊಸ ತಿನಿಸುಗಳಲ್ಲಿಯೂ ರಾಗಿಯನ್ನು ಬಳಸಿದರೆ ಮನೆಯ ಧಾನ್ಯ ಮನೆಯ ಮಕ್ಕಳಿಗೇ ದಕ್ಕುತ್ತದೆ.

ಅಳತೆ ಒಂದೇ ಇರಲಿ

'ಒಂದು ಲೋಟ ಹಿಟ್ಟು, ಅರ್ಧ ಲೋಟ ಸಕ್ಕರೆ' ಎಂದು ಹೇಳಿದರೆ ಸಾಲದು. ಲೋಟದ ಗಾತ್ರ ಮನೆಯಿಂದ ಮನೆಗೆ ಬೇರೆ. ಮೇಲಾಗಿ, ಒಂದೇ ಲೋಟದಲ್ಲಿ ಎಲ್ಲ ಪದಾರ್ಥಗಳೂ ಒಂದೇ ತೂಕ ಬರುವುದಿಲ್ಲ. 200 ಗ್ರಾಂ ನೀರು ಹಿಡಿಯುವ ಲೋಟದಲ್ಲಿ ಸಕ್ಕರೆ ಸುಮಾರು 170 ಗ್ರಾಂ, ಮೈದಾ ಸುಮಾರು 110 ಗ್ರಾಂ ಹಿಡಿಯುತ್ತದೆ. ಹಿಟ್ಟನ್ನು ಒತ್ತಿ ತುಂಬಿದರೆ ತೂಕ ಇನ್ನೂ ಹೆಚ್ಚುತ್ತದೆ. ಮುದ್ದೆ, ಸಾರುಗಳಲ್ಲಿ ಈ ವ್ಯತ್ಯಾಸವನ್ನು ಒಲೆಯ ಮೇಲೆಯೇ ಸರಿಪಡಿಸಬಹುದು. ಬಿಸ್ಕತ್ತನ್ನು ಬೇಯಲು ಇಟ್ಟ ಮೇಲೆ ಸರಿಪಡಿಸಲಾಗದು. ಆದ್ದರಿಂದ ತೂಕದಲ್ಲಿ ಹೇಳುವುದು ಉತ್ತಮ. ತಕ್ಕಡಿ ಇಲ್ಲದಿದ್ದರೆ ಎಲ್ಲ ಪದಾರ್ಥಗಳನ್ನೂ ಒಂದೇ ಲೋಟದಲ್ಲಿ, ಒತ್ತದೆ, ಅಂಚಿಗೆ ಸಮನಾಗಿ ಅಳೆಯಬೇಕು.

ರಾಗಿಗೆ ಅಂಟು ಕಡಿಮೆ

ಗೋಧಿ ಹಿಟ್ಟನ್ನು ನೀರು ಹಾಕಿ ನಾದಿದಾಗ ಗ್ಲುಟೆನ್ ಎಂಬ ಅಂಟು ಪ್ರೋಟೀನು ಬಲೆಯಂತೆ ಹೆಣೆದುಕೊಂಡು ಗಾಳಿಯನ್ನು ಹಿಡಿದಿಡುತ್ತದೆ. ಬ್ರೆಡ್ಡು ಉಬ್ಬುವುದು ಇದರಿಂದಲೇ. ರಾಗಿ ಮತ್ತು ಜೋಳದಲ್ಲಿ ಈ ಗ್ಲುಟೆನ್ ಇಲ್ಲ. ಜೋಳದ ರೊಟ್ಟಿಗೆ ಕುದಿಯುವ ನೀರು ಹಾಕಿ ಹಿಟ್ಟು ಕಲಸುವ ಪದ್ಧತಿ ಬಂದದ್ದು ಈ ಕಾರಣಕ್ಕೆ. ಬಿಸಿನೀರಿನಲ್ಲಿ ಪಿಷ್ಟ ಅರೆಬೆಂದು ಜಿಗುಟಾಗಿ, ರೊಟ್ಟಿ ಹರಿಯದಂತೆ ಹಿಡಿಯುತ್ತದೆ.

ಆದ್ದರಿಂದ ಮೈದಾ ಇರುವ ಕಡೆಯೆಲ್ಲ ಅಷ್ಟೇ ರಾಗಿ ಹಾಕಿದರೆ ತಿನಿಸು ಸರಿಬರುವುದಿಲ್ಲ. ಬಿಸ್ಕತ್ತು ಹೆಚ್ಚು ಉಬ್ಬಬೇಕಾಗಿಲ್ಲವಾದ್ದರಿಂದ ಹಿಟ್ಟಿನ ಅರ್ಧದಷ್ಟು ರಾಗಿ ಹಾಕಬಹುದು. ಕೇಕಿಗೆ ಕಾಲು ಭಾಗದಿಂದ ಆರಂಭಿಸಿ, ಸರಿಬಂದರೆ ಹೆಚ್ಚಿಸಬಹುದು. ಬ್ರೆಡ್ಡಿಗೆ ಹತ್ತರಲ್ಲಿ ಒಂದರಿಂದ ಎರಡು ಭಾಗ ಸಾಕು.

ರಾಗಿ ಬಿಸ್ಕತ್ತು

ಬೇಕಾಗುವ ಪದಾರ್ಥಗಳು: ನುಣುಪಾಗಿ ಜರಡಿ ಹಿಡಿದ ರಾಗಿ ಹಿಟ್ಟು 100 ಗ್ರಾಂ, ಗೋಧಿ ಹಿಟ್ಟು 100 ಗ್ರಾಂ, ತುಪ್ಪ 80 ಗ್ರಾಂ, ಪುಡಿ ಮಾಡಿದ ಸಕ್ಕರೆ 80 ಗ್ರಾಂ, ಬೇಕಿಂಗ್ ಪುಡಿ ಅರ್ಧ ಟೀ ಚಮಚ, ಏಲಕ್ಕಿ ಪುಡಿ ಮತ್ತು ಉಪ್ಪು ಚಿಟಿಕೆಯಷ್ಟು, ಹಾಲು 3-4 ದೊಡ್ಡ ಚಮಚ.

ಮಾಡುವ ವಿಧಾನ: ರಾಗಿ ಹಿಟ್ಟನ್ನು ಸಣ್ಣ ಉರಿಯಲ್ಲಿ ಹಸಿವಾಸನೆ ಹೋಗುವವರೆಗೆ ಹುರಿದು ಆರಿಸಬೇಕು. ಇದಕ್ಕೆ ಗೋಧಿ ಹಿಟ್ಟು, ಬೇಕಿಂಗ್ ಪುಡಿ, ಉಪ್ಪು ಸೇರಿಸಿ ಎರಡು ಸಲ ಜರಡಿ ಹಿಡಿಯಬೇಕು. ಗಟ್ಟಿಯಾದ ತುಪ್ಪ ಮತ್ತು ಸಕ್ಕರೆಯನ್ನು ಹಗುರವಾಗುವವರೆಗೆ ನಾದಿ, ಏಲಕ್ಕಿ ಪುಡಿ ಮತ್ತು ಹಿಟ್ಟು ಬೆರೆಸಬೇಕು. ಹಾಲನ್ನು ಸ್ವಲ್ಪಸ್ವಲ್ಪವಾಗಿ ಹಾಕಿ ಕಲಸಿ, 20 ನಿಮಿಷ ಮುಚ್ಚಿಡಬೇಕು. ರಾಗಿ ನಿಧಾನವಾಗಿ ನೀರು ಹೀರುತ್ತದೆ. ಈ ಬಿಡುವು ಕೊಡದಿದ್ದರೆ ಬಿಸ್ಕತ್ತಿನ ಅಂಚು ಬಿರಿಯುತ್ತದೆ. ನಂತರ ಅರ್ಧ ಸೆಂ.ಮೀ. ದಪ್ಪಕ್ಕೆ ಲಟ್ಟಿಸಿ, ಕತ್ತರಿಸಿ, 160-170 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 15-20 ನಿಮಿಷ ಬೇಯಿಸಬೇಕು.

ಒಲೆಯ ಮೇಲೆ ಬೇಯಿಸುವುದಾದರೆ ದಪ್ಪ ತಳದ ಪಾತ್ರೆಯಲ್ಲಿ ಎರಡು ಬೆರಳು ಎತ್ತರ ಒಣ ಮರಳು ಹರಡಿ, ಮುಚ್ಚಿ ಕಾಯಿಸಿ, ಮೇಲೆ ಬಿಸ್ಕತ್ತಿನ ತಟ್ಟೆ ಇಟ್ಟು ಮತ್ತೆ ಮುಚ್ಚಬೇಕು. ಉರಿ ಸಣ್ಣದಾಗಿರಬೇಕು. ಸಮಯ ಇನ್ನೂ ಸ್ವಲ್ಪ ಹೆಚ್ಚು ಹಿಡಿಯುತ್ತದೆ.

ಮೈದಾ ಬಿಸ್ಕತ್ತನ್ನು 'ಹೊಂಬಣ್ಣ ಬರುವವರೆಗೆ' ಬೇಯಿಸುವುದು ರೂಢಿ. ರಾಗಿ ಮೊದಲೇ ಕಂದುಬಣ್ಣದ್ದಾದ್ದರಿಂದ ಈ ಗುರುತು ಇಲ್ಲಿ ಉಪಯೋಗಕ್ಕೆ ಬಾರದು. ಬಣ್ಣಕ್ಕೆ ಕಾದರೆ ಬಿಸ್ಕತ್ತು ಸೀಯುತ್ತದೆ. ಸುವಾಸನೆ ಬಂದು, ಅಂಚು ಗಟ್ಟಿಯಾಗಿ, ತಳ ತಟ್ಟೆಯಿಂದ ಸುಲಭವಾಗಿ ಬಿಟ್ಟುಕೊಂಡಾಗ ಇಳಿಸಬೇಕು. ಬಿಸಿಯಲ್ಲಿ ಮೆತ್ತಗಿದ್ದರೂ ಆರಿದ ಮೇಲೆ ಗರಿಗರಿಯಾಗುತ್ತದೆ.

ಇದ್ದ ಪದಾರ್ಥಕ್ಕೆ ಹೊಂದಿಸುವುದು

ತುಪ್ಪದ ಬದಲು ಬೆಣ್ಣೆ ಬಳಸಿದರೆ 100 ಗ್ರಾಂ ಬೇಕು. ಬೆಣ್ಣೆಯಲ್ಲಿ ನೀರಿನ ಅಂಶವಿರುವುದರಿಂದ ಹಾಲನ್ನು ಕಡಿಮೆ ಮಾಡಬೇಕು. ಸಕ್ಕರೆಯ ಬದಲು ಅಷ್ಟೇ ತೂಕದ ಪುಡಿಬೆಲ್ಲ ಹಾಕಬಹುದು. ಬೆಲ್ಲದಲ್ಲಿ ತೇವವಿರುವುದರಿಂದ ಹಾಲು ಒಂದು ಚಮಚ ಕಡಿಮೆ ಸಾಕು. ಬಿಸ್ಕತ್ತು ಸ್ವಲ್ಪ ಮೆತ್ತಗಾಗುತ್ತದೆ. ಕೇಕಿನಲ್ಲಿ ಮೊಟ್ಟೆ ಬೇಡವೆನ್ನುವವರು ಒಂದು ಮೊಟ್ಟೆಗೆ ಸುಮಾರು 60 ಗ್ರಾಂ ಮೊಸರು ಮತ್ತು ಚಿಟಿಕೆ ಅಡಿಗೆ ಸೋಡಾ ಬಳಸಬಹುದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಎರಡು ಮೂರು ಬದಲಾವಣೆ ಒಟ್ಟಿಗೆ ಮಾಡಿದರೆ, ಕೆಟ್ಟಾಗ ಯಾವುದರಿಂದ ಕೆಟ್ಟಿತೆಂದು ತಿಳಿಯುವುದಿಲ್ಲ.

ಮಗುವಿನ ಗಂಜಿಯಲ್ಲಿ ಹೆಚ್ಚಿನ ಎಚ್ಚರ

ಬಿಸ್ಕತ್ತು ಕೆಟ್ಟರೆ ನಷ್ಟ ಹಿಟ್ಟು, ತುಪ್ಪಗಳದ್ದು. ಮಗುವಿನ ಗಂಜಿಯ ಕ್ರಮ ತಪ್ಪಾಗಿ ದಾಟಿದರೆ ನಷ್ಟ ಮಗುವಿನದು. ಹುರಿಹಿಟ್ಟು ಮತ್ತು ಮೊಳಕೆ ರಾಗಿಹಿಟ್ಟು ಒಂದೇ ಎಂದು ಕೆಲವರು ತಿಳಿಯುತ್ತಾರೆ. ಹುರಿಹಿಟ್ಟು ಅರಳು ಹುರಿದು ಬೀಸಿದ್ದು. ಮೊಳಕೆ ಹಿಟ್ಟಿಗೆ ರಾಗಿಯನ್ನು ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಒಂದೂವರೆ-ಎರಡು ದಿನ ಕಟ್ಟಿಟ್ಟು, ಮೊಳಕೆ ಬಂದ ಮೇಲೆ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಮೊಳಕೆ ಉಜ್ಜಿ ತೆಗೆದು, ಹದವಾಗಿ ಬೆಚ್ಚಗೆ ಮಾಡಿ ಬೀಸಬೇಕು.

ಮೊಳೆಯುವಾಗ ಪಿಷ್ಟವನ್ನು ಕರಗಿಸುವ ಕಿಣ್ವ ಹುಟ್ಟುತ್ತದೆ. ಇದರಿಂದ ಹೆಚ್ಚು ಹಿಟ್ಟು ಹಾಕಿದರೂ ಗಂಜಿ ತೆಳುವಾಗಿಯೇ ಇರುತ್ತದೆ. ಮಗುವಿನ ಸಣ್ಣ ಹೊಟ್ಟೆಗೆ ಹೆಚ್ಚು ಆಹಾರ ಹೋಗುತ್ತದೆ. ಕಪ್ಪಾಗುವಂತೆ ಹುರಿದರೆ ಕಿಣ್ವ ನಾಶವಾಗುತ್ತದೆ. ಕುದಿಯುವ ನೀರಿಗೆ ಹಿಟ್ಟು ಸುರಿದರೂ ಹೀಗೆಯೇ. ಆಗ ಗಂಜಿ ದಪ್ಪನಾಗಿ, ತಾಯಿ ನೀರು ಬೆರೆಸುತ್ತಾಳೆ. ಮಗುವಿಗೆ ಹೊಟ್ಟೆ ತುಂಬುತ್ತದೆ, ಪುಷ್ಟಿ ಸಾಲದು. ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ನಿಧಾನವಾಗಿ ಕಾಯಿಸಿ, ಕೊನೆಯಲ್ಲಿ ಚೆನ್ನಾಗಿ ಕುದಿಸಬೇಕು. ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆಗೆ ಇದನ್ನು ಕೊಡಬಹುದು. ಒಂದು ವರ್ಷ ತುಂಬುವವರೆಗೆ ಜೇನುತುಪ್ಪ ಬೆರೆಸಬಾರದು.

ಬರೆದು ಕೊಡುವ ಕ್ರಮ

ಮಹಿಳಾ ಮಂಡಳಿ, ಸ್ವಸಹಾಯ ಸಂಘಗಳಲ್ಲಿ ತಿನಿಸು ಹೇಳಿಕೊಡುವ ಕಾರ್ಯಕರ್ತೆಯರು ಪ್ರತಿ ತಿನಿಸಿಗೂ ಒಂದು ಚೀಟಿ ಬರೆಸುವುದು ಒಳ್ಳೆಯದು. ಪದಾರ್ಥದ ತೂಕ, ಉರಿಯ ಪ್ರಮಾಣ, ಸಮಯ, ಬೆಂದುದರ ಗುರುತು ಮತ್ತು ಎಷ್ಟು ದಿನ ಇಡಬಹುದು ಎಂಬುದು ಅದರಲ್ಲಿರಬೇಕು. ಗೋಧಿ, ಶೇಂಗಾ ಒಗ್ಗದವರೂ ಇರುವುದರಿಂದ ಯಾವ ಪದಾರ್ಥವನ್ನೂ ಬಿಡಬಾರದು. ಪಡೆದವರು ಮೊದಲು ಕಾಲು ಅಳತೆಯಲ್ಲಿ ಮಾಡಿ ನೋಡಿ, ತಾವು ಮಾಡಿದ ಬದಲಾವಣೆಯನ್ನು ಚೀಟಿಯ ಹಿಂದೆ ಬರೆದಿಡಬೇಕು. ಹೀಗೆ ಮಾಡಿದರೆ ಒಂದು ಮನೆಯ ಅನುಭವ ಮುಂದಿನ ಮನೆಗೆ ಪೂರ್ತಿಯಾಗಿ ತಲುಪುತ್ತದೆ. ಅಲ್ಲಿ ಆದ ತಪ್ಪು ಇಲ್ಲಿ ಮತ್ತೆ ಆಗುವುದಿಲ್ಲ.