ಗೈರುಹಾಜರಾದವರ ಲೆಕ್ಕ

ಏಳನೆಯ ತರಗತಿಯ ಮಕ್ಕಳಿಗೆ ನಾನು ಪ್ರತಿವರ್ಷವೂ ತಪ್ಪದೆ ಕೊಡುವ ಒಂದು ಮನೆಗೆಲಸವಿದೆ. ಒಂದು ರೂಪಾಯಿಯ ನಾಣ್ಯವನ್ನು 200 ಬಾರಿ ಚಿಮ್ಮಿ, ಬಿದ್ದ ಮುಖವನ್ನು ಶಿರ, ಪುಚ್ಛ ಎಂದು ಸಾಲಾಗಿ ಬರೆದು ತರಬೇಕು. ನೆಕ್ರಾಜೆಯ ಮಕ್ಕಳು ಚುರುಕಿನವರು. ಹಲವರು ನಾಣ್ಯವನ್ನು ಮುಟ್ಟದೆಯೇ ಮನಸ್ಸಿಗೆ ತೋಚಿದಂತೆ ಬರೆದು ತರುತ್ತಾರೆ. ಮರುದಿನ ಪುಸ್ತಕವನ್ನು ನೋಡಿದೊಡನೆಯೇ ಅಂತಹವರನ್ನು ನಾನು ಎಬ್ಬಿಸಿ ನಿಲ್ಲಿಸುವುದು ಅವರಿಗೊಂದು ವಿಸ್ಮಯ. ಗುಟ್ಟು ಇಷ್ಟೇ: ಮನಸ್ಸಿನಿಂದ ಬರೆಯುವವನು ಒಂದೇ ಮುಖವನ್ನು ಮೂರು, ಹೆಚ್ಚೆಂದರೆ ನಾಲ್ಕು ಬಾರಿ ಬರೆದೊಡನೆ ಅಳುಕಿ ಮತ್ತೊಂದಕ್ಕೆ ತಿರುಗುತ್ತಾನೆ. ನಿಜವಾದ ನಾಣ್ಯಕ್ಕೆ ಆ ಅಳುಕಿಲ್ಲ. 200 ಬಾರಿ ಚಿಮ್ಮಿದರೆ ಎಲ್ಲಾದರೊಂದು ಕಡೆ ಒಂದೇ ಮುಖ ಸತತವಾಗಿ ಆರು ಸಲ ಬೀಳುವುದು ಬಹುಮಟ್ಟಿಗೆ ಖಂಡಿತ.

ಈ ಸಣ್ಣ ಸತ್ಯವೇ ಕ್ಷಯರೋಗದ ಅಣುಜೀವಿಯ ಮರ್ಮಸ್ಥಾನಗಳನ್ನು ಅರಸುವ ದೊಡ್ಡ ಕಾರ್ಯದ ಬುಡದಲ್ಲಿಯೂ ಇದೆ ಎಂಬುದನ್ನು ತಿಳಿದಾಗ ನನಗೂ ವಿಸ್ಮಯವೇ ಆಯಿತು. ಕ್ಷಯವೆಂಬುದು ನಮ್ಮ ಮನೆಗೆ ದೂರದ ವಿಷಯವಲ್ಲ. ನಾನು ಬಾಲಕನಾಗಿದ್ದಾಗ ಚಿಕ್ಕಪ್ಪನವರಿಗೆ ಆ ರೋಗ ತಗಲಿತು. ಆಗಿನ ಚಿಕಿತ್ಸೆ ಒಂದು ವರ್ಷವನ್ನೂ ಮೀರಿದ್ದು. ಕೆಮ್ಮು ನಿಂತು ಮೈ ಸ್ವಲ್ಪ ತುಂಬಿಕೊಂಡೊಡನೆ ಅವರು ಗುಳಿಗೆ ಬಿಟ್ಟರು. ರೋಗ ಮರಳಿ ಬಂತು. ಮೊದಲಿನ ಮದ್ದು ಎರಡನೆಯ ಸಲ ನಾಟಲಿಲ್ಲ. ಅವರು ಉಳಿಯಲಿಲ್ಲ. ಇಂದು ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ ಸಾಕು. ಆದರೆ ಐಸೋನಿಯಾಜಿಡ್, ರಿಫಾಂಪಿಸಿನ್‌ಗಳಂತಹ ಮುಖ್ಯ ಔಷಧಗಳಿಗೇ ಬಗ್ಗದ ರೋಗಾಣುಗಳು ಹುಟ್ಟಿಕೊಂಡಿವೆ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದವರೇ. ಹೊಸ ಔಷಧ ಬೇಕು. ಅದು ರೋಗಾಣುವಿನ ಯಾವ ಅಂಗಕ್ಕೆ ಪೆಟ್ಟು ಕೊಡಬೇಕು?

1998ರಲ್ಲಿ ಈ ಅಣುಜೀವಿಯ ವಂಶಲಿಪಿಯನ್ನು ವಿಜ್ಞಾನಿಗಳು ಪೂರ್ತಿಯಾಗಿ ಓದಿ ಮುಗಿಸಿದರು. ಸುಮಾರು 44 ಲಕ್ಷ ಅಕ್ಷರಗಳು, ಅವುಗಳಲ್ಲಿ ಸುಮಾರು 4,000 ಜೀನ್‌ಗಳು. ಇವುಗಳಲ್ಲಿ ಯಾವುದಿಲ್ಲದಿದ್ದರೆ ಅಣುಜೀವಿಯು ಬದುಕಲಾರದೋ ಅದೇ ಮರ್ಮಸ್ಥಾನ. ಒಂದೊಂದನ್ನೇ ಕೆಡಿಸಿ ನೋಡುತ್ತ ಕುಳಿತರೆ ಆಯುಷ್ಯ ಸಾಲದು. ಇಲ್ಲಿ ನೆರವಿಗೆ ಬಂದದ್ದು 'ನೆಗೆಯುವ ಜೀನ್'. ಲಿಪಿಯಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ನೆಗೆದು ಕುಳಿತುಕೊಳ್ಳುವ ಇಂತಹ ತುಣುಕುಗಳನ್ನು ಮೊದಲಿಗೆ ಮೆಕ್ಕೆಜೋಳದಲ್ಲಿ ಕಂಡುಹಿಡಿದು 1983ರಲ್ಲಿ ನೊಬೆಲ್ ಪಾರಿತೋಷಕ ಪಡೆದವರು ಬಾರ್ಬರಾ ಮೆಕ್ಲಿಂಟಾಕ್ ಎಂಬ ಮಹಿಳೆ. ಕ್ಷಯದ ಅಣುಜೀವಿಯಲ್ಲಿ ಬಳಸುವ ತುಣುಕು ಮೂಲತಃ ದನಗಳನ್ನು ಕಾಡುವ ಒಂದು ಜಾತಿಯ ನೊಣದಿಂದ ಬಂದದ್ದು. ಹಟ್ಟಿಯಲ್ಲಿ ನಾವು ಬೈದು ಓಡಿಸುವ ನೊಣದ ಬಳಗದಿಂದಲೂ ಇಂತಹ ಉಪಕಾರವಾದೀತೆಂದು ಯಾರು ಎಣಿಸಿದ್ದರು!

ಈ ತುಣುಕು ಕುಳಿತುಕೊಳ್ಳುವುದು ಲಿಪಿಯಲ್ಲಿ 'ಟಿ' ಮತ್ತು 'ಎ' ಅಕ್ಷರಗಳು ಜೊತೆಯಾಗಿರುವಲ್ಲಿ ಮಾತ್ರ. ಅಂತಹ ಸ್ಥಳಗಳು ಕ್ಷಯದ ಅಣುಜೀವಿಯಲ್ಲಿ ಸುಮಾರು 74,600. ಲಕ್ಷಗಟ್ಟಲೆ ಅಣುಜೀವಿಗಳೊಳಕ್ಕೆ ತುಣುಕನ್ನು ಬಿಟ್ಟರೆ ಒಂದೊಂದರಲ್ಲಿ ಒಂದೊಂದು ಕಡೆ ಅದು ಕುಳಿತು ಅಲ್ಲಿಯ ಜೀನನ್ನು ಕೆಡಿಸುತ್ತದೆ. ಕೆಟ್ಟದ್ದು ಅತ್ಯಗತ್ಯವಾದ ಜೀನಾದರೆ ಆ ಅಣುಜೀವಿ ಬೆಳೆಯುವುದಿಲ್ಲ. ಉಳಿದು ಬೆಳೆದವುಗಳನ್ನು ಒಟ್ಟುಗೂಡಿಸಿ, ತುಣುಕು ಎಲ್ಲೆಲ್ಲಿ ಕುಳಿತಿದೆಯೆಂದು ಯಂತ್ರದಿಂದ ಓದಿಸಿ, ಲಿಪಿಯ ನಕ್ಷೆಯ ಮೇಲೆ ಗುರುತು ಹಾಕುತ್ತಾರೆ. ಸತ್ತವು ಸಾಕ್ಷಿ ಹೇಳಲಾರವು. ಬಂದವರ ಹೆಸರು ಮಾತ್ರ ಇರುವ ಹಾಜರಿ ಪುಸ್ತಕದಿಂದ ಬಾರದವರನ್ನು ಹುಡುಕುವ ಕೆಲಸವಿದು. ಗುರುತೇ ಇಲ್ಲದೆ ಖಾಲಿ ಉಳಿದ ಜೀನ್ ಅತ್ಯಗತ್ಯವಾದದ್ದು ಎಂದು ಊಹೆ.

ಆದರೆ ಖಾಲಿ ಉಳಿಯಲು ಇನ್ನೊಂದು ಕಾರಣವೂ ಉಂಟಷ್ಟೆ? ತುಣುಕು ಆಕಸ್ಮಿಕವಾಗಿ ಅತ್ತ ಹೋಗದೆಯೇ ಇದ್ದಿರಬಹುದು. ಇಲ್ಲಿ ನಾಣ್ಯದ ಲೆಕ್ಕ ಬರುತ್ತದೆ. ಒಟ್ಟು ಸ್ಥಳಗಳಲ್ಲಿ ಅರ್ಧದಷ್ಟು ತುಂಬಿವೆಯೆಂದು ಇಟ್ಟುಕೊಳ್ಳೋಣ. ಮೂರೇ ಸ್ಥಳಗಳಿರುವ ಒಂದು ನಿರುಪದ್ರವಿ ಜೀನ್ ಆಕಸ್ಮಿಕವಾಗಿ ಖಾಲಿ ಉಳಿಯುವ ಸಂಭವ 8ರಲ್ಲಿ 1. ಹತ್ತು ಸ್ಥಳಗಳಿದ್ದರೆ 1,024ರಲ್ಲಿ 1. ಇದು ಸಾಕಷ್ಟು ಭರವಸೆಯ ಅಂಕೆಯೆಂದು ತೋರಬಹುದು. ಆದರೆ ಅಂತಹ ಜೀನ್‌ಗಳು 4,000 ಇದ್ದರೆ ನಾಲ್ಕು ಸುಳ್ಳು ಸಾಕ್ಷಿಗಳು ಪಟ್ಟಿಯಲ್ಲಿ ನುಸುಳಿದಂತಾಯಿತು. 74,600 ಸ್ಥಳಗಳ ಸಾಲಿನಲ್ಲಿ 15 ಸ್ಥಳಗಳು ಸತತವಾಗಿ ಖಾಲಿ ಬೀಳುವುದು ಕೂಡ ಬರಿಯ ಆಕಸ್ಮಿಕದಿಂದ ಒಮ್ಮೆ ನಡೆಯಬಹುದಾದದ್ದೇ. ನನ್ನ ವಿದ್ಯಾರ್ಥಿಗಳಂತೆ ನಾಲ್ಕಕ್ಕೇ ಅಳುಕುವವರು ಇಲ್ಲಿ ಮೋಸಹೋಗುತ್ತಾರೆ.

ಆದುದರಿಂದ ಸಂಖ್ಯಾಶಾಸ್ತ್ರಜ್ಞರು ಕೇಳುವ ಪ್ರಶ್ನೆ, "ಆಕಸ್ಮಿಕದಿಂದಲೇ ಉಂಟಾಗಬಹುದಾದ ಅತಿ ಉದ್ದದ ಖಾಲಿ ಸಾಲು ಎಷ್ಟು?" ಎಂಬುದು. ಹೊಳೆಗೆ ಸೇತುವೆ ಕಟ್ಟುವ ಎಂಜಿನಿಯರರು ನೂರು ವರ್ಷಕ್ಕೊಮ್ಮೆ ಬರಬಹುದಾದ ಮಹಾನೆರೆಯನ್ನು ಅಂದಾಜು ಮಾಡಲು ಬಳಸುವ ಗುಂಬೆಲ್ ಎಂಬ ಗಣಿತಜ್ಞನ ಸೂತ್ರವೇ ಇಲ್ಲಿಗೂ ಒದಗಿತು. ಆ ಮಿತಿಯನ್ನು ಮೀರಿದ ಖಾಲಿ ಸಾಲನ್ನು ಮಾತ್ರ ನಂಬುವುದು. ಇನ್ನೊಂದು ದಾರಿ, ನಾಣ್ಯವನ್ನು ಮತ್ತಷ್ಟು ಚಿಮ್ಮುವುದು. 2017ರಲ್ಲಿ ಅಮೆರಿಕದ ಹಾರ್ವರ್ಡ್ ಮತ್ತು ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯಗಳವರೂ ಇದ್ದ ತಂಡವೊಂದು 14 ಪ್ರತ್ಯೇಕ ಪ್ರಯೋಗಗಳ ಫಲವನ್ನು ಒಟ್ಟುಗೂಡಿಸಿ ನೂರಕ್ಕೆ 84ರಷ್ಟು ಸ್ಥಳಗಳನ್ನು ತುಂಬಿಸಿತು. ಆಗ ಮೂರು ಸ್ಥಳಗಳ ಜೀನ್ ಆಕಸ್ಮಿಕವಾಗಿ ಖಾಲಿ ಉಳಿಯುವ ಸಂಭವ 8ರಲ್ಲಿ 1 ಇದ್ದದ್ದು ಸುಮಾರು 244ರಲ್ಲಿ 1ಕ್ಕೆ ಇಳಿಯುತ್ತದೆ. ಅಷ್ಟರಲ್ಲಿ ಹೊಸದೊಂದು ಸಂಗತಿ ಬಯಲಾಯಿತು: ನೂರಕ್ಕೆ ಸುಮಾರು 9 ಸ್ಥಳಗಳಲ್ಲಿ ಅಕ್ಕಪಕ್ಕದ ಅಕ್ಷರಗಳೇ ತುಣುಕನ್ನು ಕುಳ್ಳಿರಗೊಡುವುದಿಲ್ಲ. ನಾಣ್ಯವೇ ಒಂದು ಕಡೆಗೆ ವಾಲಿತ್ತು! ಅದನ್ನೂ ಕಳೆದು ಅವರು ಅತ್ಯಗತ್ಯವೆಂದು ತೀರ್ಮಾನಿಸಿದ ಜೀನ್‌ಗಳು 461. 2003ರಲ್ಲಿ ಹಳೆಯ ತಂತ್ರದಿಂದ, ಚೆನ್ನಾಗಿ ಬೆಳೆಯಲು ಬೇಕಾದವುಗಳನ್ನೂ ಸೇರಿಸಿ ಎಣಿಸಿದಾಗ 614 ಸಿಕ್ಕಿದ್ದವು.

ನಮ್ಮ ಬೆಂಗಳೂರಿನವರೂ ಈ ಪಟ್ಟಿಯನ್ನು ಸುಮ್ಮನೆ ನೋಡುತ್ತ ಕೂರಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ನಾಗಸುಮಾ ಚಂದ್ರ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂತಹ ಪ್ರಯೋಗದ ಫಲವನ್ನು ಗಣಕಯಂತ್ರದ ಇತರ ಲೆಕ್ಕಾಚಾರಗಳೊಡನೆ ಹೆಣೆದು ಜರಡಿ ಹಿಡಿದರು. ಮನುಷ್ಯನ ಪ್ರೋಟೀನ್‌ಗಳನ್ನು ಹೋಲುವವುಗಳನ್ನು ಕೈಬಿಟ್ಟರು. ಇಲ್ಲವಾದರೆ ಮದ್ದು ರೋಗಿಗೇ ತಾಗೀತು. ನಮ್ಮ ಕರುಳಿನಲ್ಲಿರುವ ಉಪಕಾರಿ ಅಣುಜೀವಿಗಳನ್ನೂ ಗಣನೆಗೆ ತೆಗೆದುಕೊಂಡರು. ಕೊನೆಗೆ ಔಷಧಕ್ಕೆ ಗುರಿಯಾಗಲು ಯೋಗ್ಯವೆಂದು ಉಳಿದವು 451.

ಇಷ್ಟಾದರೂ ಪಟ್ಟಿ ವೇದವಾಕ್ಯವಲ್ಲ. ಪ್ರಯೋಗಶಾಲೆಯಲ್ಲಿ ಈ ಅಣುಜೀವಿಗೆ ಗ್ಲಿಸರಿನ್ ಉಣಿಸಿ ಬೆಳೆಸುವುದು ಹಳೆಯ ರೂಢಿ. 2010ರಲ್ಲಿ ಪ್ರಕಟವಾದ ಒಂದು ವರದಿಯಂತೆ, ಸೀಸೆಯಲ್ಲಿ ಅಣುಜೀವಿಯನ್ನು ಚೆನ್ನಾಗಿ ಕೊಂದ ಒಂದು ಜಾತಿಯ ರಾಸಾಯನಿಕಗಳು ರೋಗ ತಗಲಿದ ಇಲಿಗಳಲ್ಲಿ ಏನೂ ಮಾಡಲಿಲ್ಲ. ಅವುಗಳ ಶಕ್ತಿಯೆಲ್ಲ ಗ್ಲಿಸರಿನ್ ಇದ್ದರೆ ಮಾತ್ರ. ಮೈಯೊಳಗೆ ರೋಗಾಣುವಿನ ಊಟ ಬೇರೆಯೇ. 2011ರಲ್ಲಿ ಗ್ಲಿಸರಿನ್ನಿನ ಬದಲು ಕೊಲೆಸ್ಟರಾಲ್ ಉಣಿಸಿ ಇದೇ ಎಣಿಕೆಯನ್ನು ಮಾಡಿದಾಗ ಅತ್ಯಗತ್ಯ ಜೀನ್‌ಗಳ ಪಟ್ಟಿಯೇ ಬದಲಾಯಿತು. ಯಾವ ಊಟದ ಮೇಲೆ ಎಣಿಸಿದ್ದು ಎಂದು ಕೇಳದೆ ಪಟ್ಟಿಯನ್ನು ಓದಬಾರದೆಂದಾಯಿತು.

ತರಗತಿಯಲ್ಲಿ ಇದನ್ನೆಲ್ಲ ಸರಳವಾಗಿ ಹೇಳಿ ಮುಗಿಸುವಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತು, "ಮಾಷ್ಟ್ರೇ, ಹಾಗಾದರೆ ನಮ್ಮ ಅಡಿಕೆಯ ಹಳದಿ ಎಲೆ ರೋಗಕ್ಕೂ ಹೀಗೆಯೇ ಹುಡುಕಬಹುದಲ್ಲ?" ಎಂದಳು. ಅವಳ ಮನೆಯ ತೋಟದಲ್ಲಿ ಆ ರೋಗ ಕಾಲಿಟ್ಟಿದೆ. ಆ ರೋಗದೊಡನೆ ಕಾಣಿಸಿಕೊಳ್ಳುವ ಫೈಟೋಪ್ಲಾಸ್ಮವೂ ಒಂದು ಬಗೆಯ ಅಣುಜೀವಿಯೇ. ಆದರೆ ಅದು ಗಿಡದ ನಾಳದೊಳಗೂ ಕೀಟದ ಮೈಯೊಳಗೂ ಬಾಳುವಂಥದ್ದು, ಕ್ಷಯದ ಅಣುಜೀವಿಯಂತೆ ತಟ್ಟೆಯಲ್ಲಿ ಬೇರೆಯಾಗಿ ಬೆಳೆಸಿಕೊಳ್ಳಲು ಒದಗುವುದಿಲ್ಲ. ಬೆಳೆಸದೆ ಹಾಜರಿ ಕರೆಯುವುದು ಹೇಗೆ ಎಂದೆ. ಅವಳು ಸ್ವಲ್ಪ ಹೊತ್ತು ನಿಂತಿದ್ದು, "ಮೊದಲು ಅದನ್ನು ಬೆಳೆಸಲು ಕಲಿಯಬೇಕು" ಎಂದು ಹೇಳಿ ಕುಳಿತಳು.