ರಕ್ತನಾಳಕ್ಕೆ ಸಲಾಯಿನ್: ನಂಜೇರದಂತೆ ವಹಿಸಬೇಕಾದ ಎಚ್ಚರಿಕೆ

ವಾಂತಿಭೇದಿಯಿಂದ ಬಳಲಿ ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದ ರೋಗಿಗೆ, ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾದ ತಾಯಿಗೆ ರಕ್ತನಾಳದ ಮೂಲಕ ಕೊಡುವ ದ್ರಾವಣವು ಪ್ರಾಣರಕ್ಷಕವಾಗಿದೆ. ಇದನ್ನೇ ನಮ್ಮ ಜನರು ಸಲಾಯಿನ್ ಎಂದೂ ಗ್ಲೂಕೋಸ್ ಎಂದೂ ಕರೆಯುತ್ತಾರೆ. ಆದರೆ ತಡಸ, ಶಿಗ್ಗಾಂವಿ, ಹಾನಗಲ್ಲ, ಸವಣೂರುಗಳ ಕಡೆ ಮಾತ್ರವಲ್ಲದೆ ನಾಡಿನ ಎಲ್ಲೆಡೆಯೂ, ಕಳೆ ತೆಗೆದು ಮೈ ಸೋತಿದೆಯೆಂದೋ, ಜ್ವರ ಬಿಟ್ಟ ಮೇಲೆ ನಿಶ್ಶಕ್ತಿಯೆಂದೋ, "ಒಂದು ಸಲಾಯಿನ್ ಹಚ್ಚಿಬಿಡ್ರಿ ಡಾಕ್ಟರ್" ಎಂದು ರೋಗಿಗಳೇ ಕೇಳುವ ವಾಡಿಕೆ ಬೆಳೆದುಬಂದಿದೆ. ವೈದ್ಯರು ಬೇಡವೆಂದರೆ ಅವರ ಕೈಗುಣವನ್ನೇ ಸಂಶಯಿಸುವವರುಂಟು.

ಆ ಬಾಟಲಿಯಲ್ಲಿರುವುದಾದರೂ ಏನು? ಅರ್ಧ ಲೀಟರ್ ಸಾದಾ ಸಲಾಯಿನ್‌ನಲ್ಲಿ ನೀರು ಮತ್ತು ನಾಲ್ಕೂವರೆ ಗ್ರಾಂ ಉಪ್ಪು. ಶೇಕಡಾ 5ರ ಗ್ಲೂಕೋಸ್ ಬಾಟಲಿಯಲ್ಲಿ 25 ಗ್ರಾಂ ಸಕ್ಕರೆ. ಅದರಿಂದ ಬರುವ ಶಕ್ತಿಯು ಒಂದು ಜೋಳದ ರೊಟ್ಟಿಯಿಂದ ದೊರೆಯುವುದಕ್ಕಿಂತ ಹೆಚ್ಚಲ್ಲ.

ಇಷ್ಟಕ್ಕಾಗಿ ನಾವು ತೆರೆಯುವ ಬಾಗಿಲು ಮಾತ್ರ ಬಹು ದೊಡ್ಡದು. ಬಾಯಿಂದ ಒಳಹೋದ ಕ್ರಿಮಿಗಳಲ್ಲಿ ಎಷ್ಟೋ ಜಠರದ ಆಮ್ಲದಲ್ಲಿ ಸಾಯುತ್ತವೆ. ಹೊರಗಿನ ಕ್ರಿಮಿಗಳನ್ನು ಚರ್ಮವು ತಡೆಯುತ್ತದೆ. ಕ್ಯಾನುಲಾ ಎಂಬ ಸಣ್ಣ ಕೊಳವೆಯು ಈ ಎರಡೂ ಕಾವಲುಗಳನ್ನು ದಾಟಿ ನೇರವಾಗಿ ರಕ್ತದಲ್ಲಿ ಕುಳಿತಿರುತ್ತದೆ. ಅದರ ಮೂಲಕ ರೋಗಾಣುಗಳು ಸೇರಿದರೆ ನಂಜು ರಕ್ತದೊಡನೆ ಮೈಯೆಲ್ಲಾ ಹರಡಿ, ನವಜಾತ ಶಿಶುಗಳಿಗೆ, ಬಾಣಂತಿಯರಿಗೆ, ವೃದ್ಧರಿಗೆ ಪ್ರಾಣಾಪಾಯವೇ ಒದಗಬಹುದು.

ರೋಗಾಣುಗಳು ಹೆಚ್ಚಾಗಿ ಬರುವುದು ಚರ್ಮದಿಂದ ಮತ್ತು ಕೈಗಳಿಂದ. ಆದುದರಿಂದ ಚುಚ್ಚುವವರು ಮೊದಲು ಕೈ ತೊಳೆದಿರಬೇಕು. ಚರ್ಮಕ್ಕೆ ಸ್ಪಿರಿಟ್ ಅಥವಾ ಕ್ಲೋರ್‌ಹೆಕ್ಸಿಡಿನ್ ಹಚ್ಚಿ ಅದು ತಾನಾಗಿ ಒಣಗುವವರೆಗೆ ಕಾಯಬೇಕು. ಆಮೇಲೆ ನಾಳ ಹುಡುಕಲೆಂದು ಆ ಜಾಗವನ್ನು ಬೆರಳಿನಿಂದ ಮುಟ್ಟತಕ್ಕದ್ದಲ್ಲ. ಅವಸರದಲ್ಲಿ ಹಾಕಿದ ಕ್ಯಾನುಲಾವನ್ನು ಎರಡು ದಿನಗಳೊಳಗೆ ತೆಗೆದು, ಬೇಕಿದ್ದರೆ ಹೊಸದನ್ನು ಬೇರೆಡೆ ಹಾಕುವುದು ಯುಕ್ತ. ಪ್ಲಾಸ್ಟಿಕ್ ಬಾಟಲಿಯಿಂದ ದ್ರಾವಣ ಸರಾಗವಾಗಿ ಇಳಿಯಲೆಂದು ಮೇಲ್ಭಾಗಕ್ಕೆ ಸೂಜಿ ಚುಚ್ಚಿ ಗಾಳಿ ಬಿಡುವ ರೂಢಿಯೊಂದಿದೆ. ಆ ರಂಧ್ರದಿಂದ ಕೋಣೆಯ ಧೂಳೂ ಕ್ರಿಮಿಗಳೂ ಒಳಸೇರುತ್ತವೆ. ಬಾಟಲಿ ಮುಗಿಯಿತೆಂದು ರೋಗಿಯ ಕಡೆಯವರೇ ಕೊಳವೆಯನ್ನು ಕಿತ್ತು ಇನ್ನೊಂದಕ್ಕೆ ಸಿಕ್ಕಿಸುವುದೂ ಅಷ್ಟೇ ಅಪಾಯಕರ, ದಾದಿಯನ್ನು ಕರೆಯಿರಿ. ಮನೆಯ ಗೋಡೆಯ ಮೊಳೆಗೆ ಬಾಟಲಿ ತೂಗುಹಾಕಿಸಿಕೊಳ್ಳುವುದನ್ನೂ, ಉಳಿದ ದ್ರಾವಣವನ್ನು ಮರುದಿನಕ್ಕೆ ಇಡುವುದನ್ನೂ ಸರ್ವಥಾ ಬಿಡಬೇಕು.

ಕೆಲವೊಮ್ಮೆ ದ್ರಾವಣದಲ್ಲಿಯೇ ದೋಷವಿರುತ್ತದೆ. 1972ರಲ್ಲಿ ಇಂಗ್ಲೆಂಡಿನ ಡೆವನ್‌ಪೋರ್ಟ್‌ನಲ್ಲಿ ಕಲುಷಿತ ಗ್ಲೂಕೋಸ್ ದ್ರಾವಣ ಪಡೆದ ರೋಗಿಗಳು ಮೃತಪಟ್ಟರು. ತಯಾರಿಕೆಯಲ್ಲಿ ಕೆಳಹಂತದ ಬಾಟಲಿಗಳಿಗೆ ಸಾಕಷ್ಟು ಶಾಖ ತಗುಲಿರಲಿಲ್ಲವೆಂಬುದು ವಿಚಾರಣೆಯಿಂದ ತಿಳಿದುಬಂತು. ನಮ್ಮ ರಾಜ್ಯದಲ್ಲಿ 2024ರ ನವೆಂಬರ್ ತಿಂಗಳಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಮೂಡಿ, ಒಂದು ತಯಾರಕರ ದ್ರಾವಣದ ಬಳಕೆಯನ್ನು ಸರ್ಕಾರ ತಡೆಹಿಡಿಯಿತು. ಅವಧಿ ಮೀರಿದ, ಸೋರುವ, ಕದಡಿದ ಬಾಟಲಿಯನ್ನು ಬಳಸಲೇಬಾರದು. ಆದರೆ ಲಕ್ಷಗಟ್ಟಲೆ ಕ್ರಿಮಿಗಳಿದ್ದರೂ ದ್ರಾವಣವು ತಿಳಿಯಾಗಿಯೇ ಕಾಣಬಹುದು, ಕಣ್ಣನ್ನೇ ನಂಬುವಂತಿಲ್ಲ.

ಆದಕಾರಣ ಹಾಸಿಗೆಯ ಪಕ್ಕದಲ್ಲಿ ಕುಳಿತವರ ಗಮನಕ್ಕೆ ಬಹಳ ಬೆಲೆಯುಂಟು. ಸಲಾಯಿನ್ ಹಚ್ಚಿದ ಮೇಲೆ ರೋಗಿಗೆ ಇದ್ದಕ್ಕಿದ್ದಂತೆ ಚಳಿ, ನಡುಕ, ಜ್ವರ ಬಂದರೆ ಕಂಬಳಿ ಹೊದಿಸಿ ಸುಮ್ಮನಾಗಬೇಡಿ. ತಕ್ಷಣ ದಾದಿಯನ್ನು ಕರೆದು ದ್ರಾವಣವನ್ನು ನಿಲ್ಲಿಸಲು ಹೇಳಿ. ಆ ಬಾಟಲಿಯನ್ನು ಎಸೆಯಗೊಡಬೇಡಿ, ಅದರ ಮೇಲಿನ ಬ್ಯಾಚ್ ಸಂಖ್ಯೆಯು ತನಿಖೆಗೆ ಬೇಕಾಗುತ್ತದೆ. ಚುಚ್ಚಿದ ಜಾಗ ಕೆಂಪಾಗಿ ಊದಿ ನೋಯುತ್ತಿದ್ದರೂ, ಪಟ್ಟಿ ಒದ್ದೆಯಾಗಿದ್ದರೂ ತಿಳಿಸಿ. "ಈ ಕ್ಯಾನುಲಾ ಇನ್ನೂ ಬೇಕೇ?" ಎಂದು ದಿನಕ್ಕೊಮ್ಮೆ ಕೇಳಲು ಸಂಕೋಚಪಡಬೇಡಿ. ಅಗತ್ಯ ತೀರಿದ ಕ್ಯಾನುಲಾ ಕೈಯಲ್ಲಿರುವುದು ನಂಜಿಗೆ ವೃಥಾ ಆಹ್ವಾನ.

ಭೇದಿಯಾದ ಬಹುಪಾಲು ಮಕ್ಕಳಿಗೆ ಸೂಜಿಯೇ ಬೇಕಿಲ್ಲ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ ಸಲಾಯಿನ್ ದಾಸ್ತಾನು ಮುಗಿಯುತ್ತ ಬಂದಾಗ, ಡಾ. ದಿಲೀಪ್ ಮಹಾಲನಬೀಸ್ ಅವರು ಉಪ್ಪು, ಸಕ್ಕರೆ, ಸೋಡಾ ಬೆರೆಸಿದ ನೀರನ್ನು ರೋಗಿಗಳ ಬಂಧುಗಳಿಂದಲೇ ಕುಡಿಸಿದರು. ಸುಮಾರು ಶೇಕಡಾ 30ರಷ್ಟಿದ್ದ ಸಾವು ಶೇಕಡಾ 4ರ ಆಸುಪಾಸಿಗಿಳಿಯಿತು. ಅದೇ ತತ್ವದ ಓ.ಆರ್.ಎಸ್. ಪೊಟ್ಟಣ ಇಂದು ಆಶಾ ಕಾರ್ಯಕರ್ತೆಯರ ಬಳಿ ದೊರೆಯುತ್ತದೆ. ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ, ಚಮಚದಿಂದ ನಿಧಾನವಾಗಿ ಕುಡಿಸಿರಿ; 24 ಗಂಟೆ ಕಳೆದ ಮೇಲೆ ಉಳಿದುದನ್ನು ಚೆಲ್ಲಿರಿ. ಮಗು ಕುಡಿಯಲಾರದೆ ಜೋಲು ಬಿದ್ದರೆ, ಕಣ್ಣು ಗುಳಿಬಿದ್ದು ಮೂತ್ರ ನಿಂತರೆ, ಆಗ ಸಲಾಯಿನ್ ಬೇಕಾಗಬಹುದು. ಒಂದು ಗಳಿಗೆಯನ್ನೂ ಕಳೆಯದೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ, ದಾರಿಯುದ್ದಕ್ಕೂ ಗುಟುಕು ಗುಟುಕಾಗಿ ಕುಡಿಸಲು ಪ್ರಯತ್ನಿಸಿರಿ.